ಶಾಲಾ ಪೂರಕ ಸೇವೆಗಳ ಸುಧಾರಣಾ ಯೋಜನೆ: ಪರಸ್ಪರ ವಿರುದ್ಧವಾದ ಆದ್ಯತೆಗಳನ್ನು ಸರಿದೂಗಿಸುವ ಬಗೆ

(ಉಗಾರ ಖುರ್ದ ಹಾಗೂ ಕೃಷ್ಣಾ ತೀರದ ಶಾಲೆಗಳ ಪೋಷಕರು, ಎಸ್.ಡಿ.ಎಂ.ಸಿ. ಸದಸ್ಯರು ಮತ್ತು ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿರುವ ಉಗಾರ ಖುರ್ದ ಕೃಷ್ಣಾ ನದಿಯ ದಂಡೆಯ ಪಟ್ಟಣವಾಗಿದೆ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದ ಹಾಗೂ ಮೀರಜ–ಲೋಂಡಾ ರೈಲು ಮಾರ್ಗದಿಂದ ಈ ಊರು ಪರಿಚಿತವಾಗಿದೆ. ನದಿ, ಕಬ್ಬು ಮತ್ತು ರಾಜ್ಯದ ಗಡಿ – ಈ ಮೂರೂ ಇಲ್ಲಿಯ ಜನಜೀವನವನ್ನು ರೂಪಿಸಿರುವಂತೆ ಇಲ್ಲಿಯ ಶಾಲೆಗಳ ಅಗತ್ಯಗಳನ್ನೂ ರೂಪಿಸಿವೆ.

ಶಾಲೆಯ ಸುಧಾರಣೆಗಾಗಿ ಬರುವ ಬೇಡಿಕೆಗಳು ಹಲವು. ಲಭ್ಯವಿರುವ ಅನುದಾನ ಮತ್ತು ಸಮಯ ಮಿತವಾದವು. ಒಂದು ಬೇಡಿಕೆಯನ್ನು ಈಡೇರಿಸಿದಾಗ ಮತ್ತೊಂದು ಕಾಯಬೇಕಾಗುತ್ತದೆ. ಕಾಯುವ ಬೇಡಿಕೆಯ ಹಿಂದೆ ಒಂದು ಮಗು ಇರುತ್ತದೆ ಎಂಬುದನ್ನು ಮರೆಯಲಾಗದು. ಆದುದರಿಂದ ಯಾವುದನ್ನು ಮೊದಲು ಕೈಗೊಳ್ಳಬೇಕು, ಯಾವುದನ್ನು ಮುಂದೂಡಬಹುದು, ಯಾವುದನ್ನು ಎಂದಿಗೂ ಮುಂದೂಡಲಾಗದು ಎಂಬುದನ್ನು ನಿರ್ಧರಿಸುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಶಾಲಾ ಪೂರಕ ಸೇವೆಗಳು ಎಂದರೇನು?

ತರಗತಿಯ ಬೋಧನೆಗೆ ಆಧಾರವಾಗಿ ನಿಲ್ಲುವ ಸೇವೆಗಳನ್ನು ಪೂರಕ ಸೇವೆಗಳೆಂದು ಕರೆಯಬಹುದು. ಅವುಗಳಲ್ಲಿ ಮುಖ್ಯವಾದವು:

• ಅಕ್ಷರ ದಾಸೋಹ ಮಧ್ಯಾಹ್ನದ ಬಿಸಿಯೂಟ ಮತ್ತು ಕ್ಷೀರ ಭಾಗ್ಯ
• ಕುಡಿಯುವ ನೀರು, ಶೌಚಾಲಯ ಮತ್ತು ನೈರ್ಮಲ್ಯ
• ಪಠ್ಯಪುಸ್ತಕ, ಸಮವಸ್ತ್ರ ಮತ್ತು ವಿದ್ಯಾರ್ಥಿ ವೇತನ
• ಬಸ್ ಪಾಸು, ಸಾರಿಗೆ ಮತ್ತು ಬೆಂಗಾವಲು ಭತ್ಯೆ
• ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಂಪನ್ಮೂಲ ಶಿಕ್ಷಕರ ನೆರವು, ಸಾಧನ ಸಲಕರಣೆ
• ವಲಸೆ ಕುಟುಂಬಗಳ ಮಕ್ಕಳಿಗೆ ವಿಶೇಷ ತರಬೇತಿ, ಟೆಂಟ್ ಶಾಲೆ, ಋತುಮಾನ ವಸತಿ ಸೌಲಭ್ಯ
• ಆರೋಗ್ಯ ತಪಾಸಣೆ

3. ಯೋಜನೆಯನ್ನು ಯಾರು, ಯಾವಾಗ ಸಿದ್ಧಪಡಿಸುತ್ತಾರೆ?

ಕರ್ನಾಟಕದಲ್ಲಿ 2001ರ ಏಪ್ರಿಲ್ ತಿಂಗಳಿನ ಸರ್ಕಾರಿ ಆದೇಶದ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್.ಡಿ.ಎಂ.ಸಿ.) ರಚನೆಯಾದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಕಲಂ 21ರಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕನುಗುಣವಾಗಿ ಪ್ರಾತಿನಿಧ್ಯ ದೊರೆಯಬೇಕು.

ಕಲಂ 22ರಂತೆ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕರ್ತವ್ಯವಾಗಿದೆ. 2010ರ ಕೇಂದ್ರ ನಿಯಮಗಳು ಇದನ್ನು ಮೂರು ವರ್ಷಗಳ ಯೋಜನೆಯೆಂದೂ, ಅದರೊಳಗೆ ಮೂರು ವಾರ್ಷಿಕ ಉಪಯೋಜನೆಗಳು ಇರಬೇಕೆಂದೂ ತಿಳಿಸುತ್ತವೆ. ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು, ಅಂದರೆ ಡಿಸೆಂಬರ್ ಅಂತ್ಯದೊಳಗೆ, ಯೋಜನೆ ಸಿದ್ಧವಾಗಿರುವುದು ಸೂಕ್ತ. ಬೇಡಿಕೆಯುಳ್ಳ ಪೋಷಕರು ಜೂನ್‌ನಿಂದ ನವೆಂಬರ್ ಒಳಗೆ ಅರ್ಜಿ ಸಲ್ಲಿಸಿದಲ್ಲಿ ಅದನ್ನು ಮುಂದಿನ ವರ್ಷದ ಉಪಯೋಜನೆಯಲ್ಲಿ ಸೇರಿಸಲು ಅನುಕೂಲವಾಗುತ್ತದೆ.

4. ಮೊದಲ ಹೆಜ್ಜೆ: ಹಕ್ಕು ಯಾವುದು, ಆಯ್ಕೆ ಯಾವುದು?

ಎಲ್ಲ ಬೇಡಿಕೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು. ಮೊದಲಿಗೆ ಅವುಗಳನ್ನು ಎರಡು ಪಟ್ಟಿಗಳಾಗಿ ಬೇರ್ಪಡಿಸಬೇಕು.

ಅ) ಕಾನೂನಿನಂತೆ ಮಗುವಿಗೆ ಸಲ್ಲಬೇಕಾದವು. ಬಾಲಕ ಮತ್ತು ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಅಡೆತಡೆಯಿಲ್ಲದ ಪ್ರವೇಶ, ಬಿಸಿಯೂಟದ ಅಡುಗೆ ಕೋಣೆ, ಆಟದ ಮೈದಾನ, ಆವರಣ ಗೋಡೆ ಅಥವಾ ಬೇಲಿ, ಗ್ರಂಥಾಲಯ – ಇವು ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಲ್ಲಿವೆ. ಎಲ್ಲ ಶಾಲೆಗಳಲ್ಲಿ ಶೌಚಾಲಯ ಮತ್ತು ಕುಡಿಯುವ ನೀರಿನ ಸೌಕರ್ಯ ಕಲ್ಪಿಸುವಂತೆ ಸರ್ವೋಚ್ಚ ನ್ಯಾಯಾಲಯವು 2012ರ ಅಕ್ಟೋಬರ್ ತಿಂಗಳಿನಲ್ಲಿ ಆದೇಶಿಸಿದೆ.

ಆ) ಶಾಲೆಯ ವಿವೇಚನೆಗೆ ಬಿಟ್ಟವು. ಪ್ರವೇಶ ದ್ವಾರದ ಕಮಾನು, ಗೋಡೆಗಳಿಗೆ ಬಣ್ಣ, ವೇದಿಕೆ, ಹೆಚ್ಚುವರಿ ವಿದ್ಯುನ್ಮಾನ ಸಾಧನಗಳು ಮುಂತಾದವು. ಇವು ಬೇಡವೆಂದಲ್ಲ, ಮೊದಲ ಪಟ್ಟಿಯ ಹಣದಿಂದ ಇವುಗಳನ್ನು ಮಾಡಬಾರದು ಎಂಬುದಷ್ಟೇ ಆಶಯ.

ಎಲ್ಲರ ಕಣ್ಣಿಗೆ ಬೀಳುವ ಕೆಲಸಕ್ಕೆ ಸಭೆಯಲ್ಲಿ ಬೆಂಬಲ ಬೇಗ ದೊರೆಯುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಆರು, ಏಳನೆಯ ತರಗತಿಯ ಬಾಲಕಿಯೊಬ್ಬಳು ತಿಂಗಳಿಗೆ ಕೆಲವು ದಿನ ಶಾಲೆಗೆ ಬಾರದಿರಲು ಅದೇ ಕಾರಣವಾಗಬಹುದು. ಆದುದರಿಂದ ಆದ್ಯತೆಯನ್ನು ಕೇವಲ ಕೈ ಎತ್ತಿ ಎಣಿಸುವ ಮೂಲಕ ತೀರ್ಮಾನಿಸಬಾರದು.

ನಿಯಮಗಳು ಕೆಲವು ಆದ್ಯತೆಗಳನ್ನು ಈಗಾಗಲೇ ನಿರ್ಧರಿಸಿವೆ ಎಂಬುದನ್ನೂ ಗಮನಿಸಬೇಕು. 2015ರ ಮಧ್ಯಾಹ್ನದ ಉಪಾಹಾರ ನಿಯಮಗಳಂತೆ ಬಿಸಿಯೂಟದ ಹಣ ತಾತ್ಕಾಲಿಕವಾಗಿ ಮುಗಿದಲ್ಲಿ ಮುಖ್ಯ ಶಿಕ್ಷಕರು ಶಾಲೆಯಲ್ಲಿರುವ ಬೇರೆ ನಿಧಿಯನ್ನು ಬಳಸಿ ಊಟವನ್ನು ಮುಂದುವರಿಸಬಹುದು. ಹಣ ಬಂದ ನಂತರ ಆ ನಿಧಿಗೆ ಮರುಭರ್ತಿ ಮಾಡಬೇಕು. ಅಂದರೆ ಮಗುವಿನ ಊಟ ಮತ್ತು ಬೇರೊಂದು ವೆಚ್ಚ ಎದುರುಬದುರಾದಾಗ ಊಟವೇ ಮೊದಲು.

5. ಈ ಭಾಗದಲ್ಲಿ ಎದುರಾಗುವ ಪ್ರಮುಖ ಸಂದರ್ಭಗಳು

5.1 ಪ್ರವಾಹ: ಕಾಳಜಿ ಕೇಂದ್ರವೋ, ಶಾಲೆಯೋ?

ಮಹಾರಾಷ್ಟ್ರದ ಕೊಯ್ನಾ ಜಲಾಶಯ ಹಾಗೂ ರಾಜಾಪುರ ಬ್ಯಾರೇಜ್‌ನಿಂದ ಹೊರಹರಿವು ಹೆಚ್ಚಿದಾಗ ಕೃಷ್ಣಾ ನದಿಯು ಉಕ್ಕಿ ಹರಿಯುತ್ತದೆ. ಕುಡಚಿ–ಉಗಾರ ಸೇತುವೆ ಮುಳುಗಡೆಯಾದಾಗ ನದಿಯಾಚೆಯಿಂದ ಬರುವ ಶಿಕ್ಷಕರೂ ವಿದ್ಯಾರ್ಥಿಗಳೂ ಸುತ್ತುದಾರಿ ಹಿಡಿಯಬೇಕಾಗುತ್ತದೆ. 2005, 2019 ಮತ್ತು 2021ರ ಪ್ರವಾಹಗಳನ್ನು ಈ ಭಾಗದ ಜನರು ಕಂಡಿದ್ದಾರೆ.

ಪ್ರವಾಹದಲ್ಲಿ ಎತ್ತರದ ಸ್ಥಳದಲ್ಲಿರುವ ಗಟ್ಟಿ ಕಟ್ಟಡವೆಂದರೆ ಬಹುತೇಕ ಶಾಲೆಯೇ ಆಗಿರುತ್ತದೆ. ಅದನ್ನು ಕಾಳಜಿ ಕೇಂದ್ರವಾಗಿ ಬಿಟ್ಟುಕೊಡಬೇಕಾಗುತ್ತದೆ. ಜೀವರಕ್ಷಣೆ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸಬಾರದೆಂದು ಹೇಳುವ ಶಿಕ್ಷಣ ಹಕ್ಕು ಅಧಿನಿಯಮದ ಕಲಂ 27 ಕೂಡ ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರ ಕಾರ್ಯಗಳಿಗೆ ವಿನಾಯಿತಿ ನೀಡಿದೆ. ಆದರೆ ಅದೇ ಅಧಿನಿಯಮವು ವರ್ಷಕ್ಕೆ 1ರಿಂದ 5ನೇ ತರಗತಿಗೆ 200 ಹಾಗೂ 6ರಿಂದ 8ನೇ ತರಗತಿಗೆ 220 ಕೆಲಸದ ದಿನಗಳನ್ನು ನಿಗದಿಪಡಿಸಿದೆ. ಎರಡನ್ನೂ ಉಳಿಸಿಕೊಳ್ಳಲು ಮಳೆಗಾಲಕ್ಕೆ ಮೊದಲೇ ಯೋಜನೆಯಲ್ಲಿ ಕೆಳಗಿನ ಅಂಶಗಳನ್ನು ಬರೆದಿಡಬೇಕು:

• ಕಾಳಜಿ ಕೇಂದ್ರಕ್ಕೆ ಯಾವ ಕೊಠಡಿಗಳು, ತರಗತಿಗೆ ಯಾವ ಕೊಠಡಿ ಅಥವಾ ಬದಲಿ ಕಟ್ಟಡ
• ದಾಖಲಾತಿ ವಹಿ, ಪಠ್ಯಪುಸ್ತಕ ಮತ್ತು ಬಿಸಿಯೂಟದ ಧಾನ್ಯವನ್ನು ಇಡುವ ಎತ್ತರದ ಸ್ಥಳ
• ಕೇಂದ್ರ ಮುಚ್ಚಿದ ನಂತರ ಕಟ್ಟಡದ ಶುಚಿತ್ವ, ನೀರಿನ ತೊಟ್ಟಿ ಹಾಗೂ ಶೌಚಾಲಯದ ಸ್ವಚ್ಛತೆ ಯಾರ ಹೊಣೆ, ಎಷ್ಟು ದಿನಗಳಲ್ಲಿ
• ಕಳೆದುಹೋದ ಬೋಧನಾ ದಿನಗಳನ್ನು ಶನಿವಾರದ ಪೂರ್ಣ ದಿನದ ತರಗತಿ ಮುಂತಾದ ಕ್ರಮಗಳಿಂದ ಸರಿದೂಗಿಸುವ ವೇಳಾಪಟ್ಟಿ

ನೆರೆ ಇಳಿದ ಮೇಲೆ ಈ ಪ್ರಶ್ನೆಗಳನ್ನು ಎತ್ತಿಕೊಂಡಲ್ಲಿ ಮನೆ ಕಳೆದುಕೊಂಡವರ ಮತ್ತು ಪಾಠ ಕಳೆದುಕೊಂಡವರ ನಡುವೆ ಅನಗತ್ಯ ವಿವಾದ ಉಂಟಾಗುತ್ತದೆ. ಎರಡೂ ಕಡೆ ಇರುವುದು ಅದೇ ಊರಿನ, ಅನೇಕ ವೇಳೆ ಅದೇ ಮನೆಯ ಮಕ್ಕಳು.

5.2 ಕಬ್ಬು ಹಂಗಾಮು: ಬಂದು ಹೋಗುವ ಮಕ್ಕಳು

ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರಗಿನಿಂದ ಕಟಾವು ತಂಡಗಳು ಕುಟುಂಬಸಮೇತ ಬರುತ್ತವೆ. ಈ ಮಕ್ಕಳು ಕೆಲವೇ ತಿಂಗಳು ಇಲ್ಲಿರುತ್ತಾರೆ. ಸೆಪ್ಟೆಂಬರ್ 30ರ ದಿನಾಂಕಕ್ಕೆ ಸಂಗ್ರಹಿಸಲಾಗುವ ಶಾಲಾ ಅಂಕಿಅಂಶಗಳಲ್ಲಿ ಹಂಗಾಮಿಗೆ ಬರುವ ಮಕ್ಕಳು ಸೇರುವುದಿಲ್ಲ. ಹೀಗಾಗಿ ದಾಖಲಾತಿಯನ್ನು ಆಧರಿಸಿದ ಅನುದಾನದಲ್ಲಿ ಅವರ ಪಾಲು ಕಾಣುವುದಿಲ್ಲ. ತಟ್ಟೆ, ಪುಸ್ತಕ, ಬೆಂಚು ಮಾತ್ರ ಬೇಕಾಗುತ್ತವೆ.

ಊರಿನ ಮಕ್ಕಳ ಪಾಲು ಕಡಿಮೆಯಾದೀತೆಂಬ ಪೋಷಕರ ಆತಂಕ ಸಹಜವಾದುದು. ಆದರೆ ಕಾನೂನು ಸ್ಪಷ್ಟವಾಗಿದೆ. ವಲಸೆ ಕುಟುಂಬದ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವಾಗಿದೆ (ಕಲಂ 9). ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14). ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ (ಕಲಂ 5). ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕು (ಕಲಂ 4).

ಆದುದರಿಂದ ಪ್ರಶ್ನೆ "ಸೇರಿಸಿಕೊಳ್ಳಬೇಕೇ?" ಎಂಬುದಲ್ಲ, "ಹೇಗೆ ಸಿದ್ಧರಾಗಬೇಕು?" ಎಂಬುದು. ಹಂಗಾಮು ಆರಂಭಕ್ಕೆ ಮೊದಲೇ ತಂಡಗಳು ಬಿಡಾರ ಹೂಡುವ ಸ್ಥಳಗಳನ್ನು ಗುರುತಿಸಿ, ನಿರೀಕ್ಷಿತ ಮಕ್ಕಳ ಸಂಖ್ಯೆಯನ್ನು ಸಮೂಹ ಸಂಪನ್ಮೂಲ ವ್ಯಕ್ತಿಗಳ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಿಳಿಸಿದಲ್ಲಿ ಟೆಂಟ್ ಶಾಲೆಯ ಅಥವಾ ಹೆಚ್ಚುವರಿ ಧಾನ್ಯದ ಪ್ರಸ್ತಾವನೆ ಸಲ್ಲಿಸಲು ಸಾಧ್ಯವಾಗುತ್ತದೆ. ಹಂಗಾಮು ಮುಗಿದು ಹೊರಡುವಾಗ ಮಗುವಿನ ಕೈಗೆ ಕಲಿಕೆಯ ವಿವರವುಳ್ಳ ದಾಖಲೆಯನ್ನು ನೀಡಬೇಕು. ಅದಿಲ್ಲದೆ ಹೋದ ಮಗು ಎರಡೂ ಊರಿನ ವಹಿಗಳಿಂದ ಕಳೆದುಹೋಗುವ ಅಪಾಯವಿದೆ.

ಇದೇ ಅವಧಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಂಚಾರ ಹೆಚ್ಚುವುದರಿಂದ ರಸ್ತೆ ದಾಟುವ ಚಿಕ್ಕ ಮಕ್ಕಳ ಸುರಕ್ಷತೆಯನ್ನೂ ಯೋಜನೆಯಲ್ಲಿ ಪರಿಗಣಿಸಬೇಕು.

5.3 ಹತ್ತಿರದ ಚಿಕ್ಕ ಶಾಲೆಯೋ, ದೂರದ ಸುಸಜ್ಜಿತ ಶಾಲೆಯೋ?

ತೋಟಪಟ್ಟಿಗಳಲ್ಲಿ ವಾಸಿಸುವ ಕುಟುಂಬಗಳಿಗೆ ಇದು ಗಂಭೀರವಾದ ಪ್ರಶ್ನೆ. ದೊಡ್ಡ ಶಾಲೆಯಲ್ಲಿ ವಿಷಯವಾರು ಶಿಕ್ಷಕರು, ಪ್ರಯೋಗಾಲಯ, ಗ್ರಂಥಾಲಯ ದೊರೆಯುವ ಸಾಧ್ಯತೆ ಹೆಚ್ಚು. ಚಿಕ್ಕ ಶಾಲೆಯಲ್ಲಿ ಒಬ್ಬಿಬ್ಬರು ಶಿಕ್ಷಕರೇ ಹಲವು ತರಗತಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಆದರೆ ಆರು ವರ್ಷದ ಮಗು ನಡೆದು ತಲುಪಬಲ್ಲದು ಅದೊಂದೇ ಶಾಲೆಯಾಗಿರಬಹುದು. ನಿಯಮಗಳಂತೆ ನೆರೆಹೊರೆಯ ಶಾಲೆಯೆಂದರೆ 1ರಿಂದ 5ನೇ ತರಗತಿಗೆ ಒಂದು ಕಿ.ಮೀ., 6ರಿಂದ 8ನೇ ತರಗತಿಗೆ ಮೂರು ಕಿ.ಮೀ. ಒಳಗಿನದು.

ದೂರವನ್ನು ನಕಾಶೆಯಲ್ಲಿ ಅಳೆದರೆ ಸಾಲದು. ಹಳ್ಳ, ಕಾಲುವೆ, ರೈಲು ಹಳಿ, ಮಳೆಗಾಲದ ಕೆಸರುದಾರಿ ಇವುಗಳನ್ನು ದಾಟುವ ನಿಜವಾದ ದಾರಿಯನ್ನು ನಡೆದು ನೋಡಬೇಕು. ಚಿಕ್ಕ ಮಕ್ಕಳಿಗೆ ಸಾಮೀಪ್ಯ, ದೊಡ್ಡ ಮಕ್ಕಳಿಗೆ ಸೌಕರ್ಯ ಎಂಬ ಸಾಮಾನ್ಯ ಸೂತ್ರವನ್ನು ಅನುಸರಿಸಬಹುದು. ಸಮೀಪದಲ್ಲಿ ಶಾಲೆ ಇಲ್ಲದ ಜನವಸತಿಗಳ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಮತ್ತು ಬೆಂಗಾವಲು ಭತ್ಯೆಗೆ ಅವಕಾಶ ಕಲ್ಪಿಸಲಾಗಿತ್ತು. ಆಯಾ ವರ್ಷದ ಮಂಜೂರಾತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಬೇಕು.

5.4 ಒಂದು ಮಗುವಿನ ಅಗತ್ಯ, ನೂರು ಮಕ್ಕಳ ಅಗತ್ಯ

ಶಾಲೆಯಲ್ಲಿ ಗಾಲಿಕುರ್ಚಿ ಬಳಸುವ ಮಗು ಒಂದೇ ಇರಬಹುದು. ಇಳಿಜಾರು ಹಾದಿಗೆ ತಗಲುವ ವೆಚ್ಚದಲ್ಲಿ ನೂರು ಮಕ್ಕಳಿಗೆ ಆಟದ ಸಾಮಗ್ರಿ ಕೊಳ್ಳಬಹುದೆಂಬ ವಾದ ಬರುತ್ತದೆ. ಲೆಕ್ಕ ಸರಿಯಾಗಿದ್ದರೂ ತೀರ್ಮಾನ ಸರಿಯಲ್ಲ. ಆಟದ ಸಾಮಗ್ರಿ ಇಲ್ಲದ ಮಗು ಶಾಲೆಯೊಳಗೆ ಇರುತ್ತದೆ. ಹಾದಿ ಇಲ್ಲದ ಮಗು ಶಾಲೆಯ ಹೊರಗೆ ಉಳಿಯುತ್ತದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ನಿಗದಿತ ವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆದುದರಿಂದ "ಎಷ್ಟು ಮಕ್ಕಳಿಗೆ ಅನುಕೂಲ?" ಎಂದು ಕೇಳುವ ಮೊದಲು "ಇದಿಲ್ಲದಿದ್ದಲ್ಲಿ ಯಾವ ಮಗು ಹೊರಗುಳಿಯುತ್ತದೆ?" ಎಂದು ಕೇಳಬೇಕು.

5.5 ಕನ್ನಡ ಮತ್ತು ಮರಾಠಿ ಮಾಧ್ಯಮ

ಗಡಿ ಭಾಗವಾದುದರಿಂದ ಇಲ್ಲಿ ಎರಡೂ ಭಾಷೆಗಳ ಕುಟುಂಬಗಳಿವೆ. ಸಂವಿಧಾನದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015 ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಇವೆರಡೂ ಒಟ್ಟಿಗೆ ಪಾಲನೆಯಾಗಬೇಕಾದವು. ನೀರು, ಶೌಚಾಲಯ, ಅಡುಗೆ ಕೋಣೆ, ಆಟದ ಮೈದಾನಗಳಿಗೆ ಮಾಧ್ಯಮವಿಲ್ಲ. ಒಂದೇ ಆವರಣದಲ್ಲಿ ಅಥವಾ ಅಕ್ಕಪಕ್ಕದಲ್ಲಿ ಎರಡು ಶಾಲೆಗಳಿದ್ದಲ್ಲಿ ಎರಡೂ ಸಮಿತಿಗಳು ಜಂಟಿ ಸಭೆ ನಡೆಸಿ ಸಮಾನ ಸೌಕರ್ಯಗಳನ್ನು ಹಂಚಿಕೊಳ್ಳುವುದರಿಂದ ವೆಚ್ಚ ಉಳಿಯುತ್ತದೆ.

6. ಉದಾಹರಣೆ (ತಿಳುವಳಿಕೆಗಾಗಿ ಮಾತ್ರ, ಇದು ಯಾವುದೇ ನಿರ್ದಿಷ್ಟ ಶಾಲೆಯ ವಿವರವಲ್ಲ)

2021ರಲ್ಲಿ ಪರಿಷ್ಕರಿಸಲಾದ ಸಮಗ್ರ ಶಿಕ್ಷಣ ಮಾರ್ಗಸೂಚಿಯಲ್ಲಿ ಸಂಯುಕ್ತ ಶಾಲಾ ಅನುದಾನವನ್ನು ದಾಖಲಾತಿಗೆ ಅನುಗುಣವಾಗಿ ನಿಗದಿಪಡಿಸಲಾಯಿತು: 30 ಮಕ್ಕಳವರೆಗೆ ರೂ. 10,000, 31ರಿಂದ 100ರವರೆಗೆ ರೂ. 25,000; 101ರಿಂದ 250ರವರೆಗೆ ರೂ. 50,000, 251ರಿಂದ 1000ದವರೆಗೆ ರೂ. 75,000, ಅದಕ್ಕೂ ಮೇಲ್ಪಟ್ಟು ರೂ. 1,00,000. ಇದರಲ್ಲಿ ಕನಿಷ್ಠ ಶೇ. 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕೆಂದು ಸೂಚಿಸಲಾಗಿದೆ.

140 ಮಕ್ಕಳಿರುವ ಒಂದು ಶಾಲೆಗೆ ಈ ಲೆಕ್ಕದಂತೆ ರೂ. 50,000 ದೊರೆಯುತ್ತದೆ ಎಂದುಕೊಳ್ಳೋಣ. ಸಭೆಗೆ ಬಂದ ಬೇಡಿಕೆಗಳು ಮತ್ತು ಅಂದಾಜು ವೆಚ್ಚ:

1) ಬಾಲಕಿಯರ ಶೌಚಾಲಯಕ್ಕೆ ನೀರಿನ ಪೈಪು, ಬಾಗಿಲು, ಚಿಲಕ – ರೂ. 14,000
2) ಕುಡಿಯುವ ನೀರಿನ ತೊಟ್ಟಿ ಮತ್ತು ನಲ್ಲಿ ದುರಸ್ತಿ – ರೂ. 6,000
3) ಇಳಿಜಾರು ಹಾದಿ ಮತ್ತು ಹಿಡಿಕಂಬಿ – ರೂ. 12,000
4) ನೆರೆಯಿಂದ ದಾಖಲೆ, ಪುಸ್ತಕ ಕಾಪಾಡಲು ಎತ್ತರದ ಕಬ್ಬಿಣದ ಮಾಡು – ರೂ. 9,000
5) ದೊಡ್ಡ ಪರದೆಯ ಟಿ.ವಿ. – ರೂ. 30,000
6) ಪ್ರವೇಶ ಕಮಾನು ಮತ್ತು ಬಣ್ಣ – ರೂ. 25,000
7) ಒಂದು ಬದಿಯ ಆವರಣ ಗೋಡೆ – ರೂ. 1,80,000

ಒಟ್ಟು ಬೇಡಿಕೆ ರೂ. 2,76,000. ಮೊದಲ ಮೂರು ಬಾಬುಗಳು ಮಗುವಿನ ಹಕ್ಕಿಗೆ ಸಂಬಂಧಿಸಿದವು. ನಾಲ್ಕನೆಯದು ನದಿ ತೀರದ ಶಾಲೆಗೆ ಅನಿವಾರ್ಯ. ಈ ನಾಲ್ಕಕ್ಕೆ ರೂ. 41,000 ಆಗುತ್ತದೆ. ಉಳಿದ ರೂ. 9,000 ವಿದ್ಯುತ್ ಬಿಲ್ಲು, ಸೀಮೆಸುಣ್ಣ, ವಹಿ ಮುಂತಾದ ದಿನನಿತ್ಯದ ವೆಚ್ಚಕ್ಕೆ ಬೇಕು. ಆವರಣ ಗೋಡೆಯೂ ಅನುಸೂಚಿಯಲ್ಲಿರುವ ಹಕ್ಕೇ ಆಗಿದೆ. ಆದರೆ ಈ ಅನುದಾನದಲ್ಲಿ ಅದು ಅಸಾಧ್ಯ. ಆದುದರಿಂದ ತಾತ್ಕಾಲಿಕ ಬೇಲಿಗೆ ಊರಿನವರ ನೆರವು ಪಡೆದು, ಗೋಡೆಗಾಗಿ ಸ್ಥಳೀಯ ಸಂಸ್ಥೆಗೆ ಮತ್ತು ಇಲಾಖೆಗೆ ಪ್ರತ್ಯೇಕ ಪ್ರಸ್ತಾವನೆ ಕಳುಹಿಸಬೇಕು. ಟಿ.ವಿ. ಮತ್ತು ಕಮಾನಿಗೆ ದಾನಿಗಳನ್ನು ಕೋರಬಹುದು.

ಮುಖ್ಯವಾದ ಅಂಶವೆಂದರೆ, 5, 6 ಮತ್ತು 7ನೆಯ ಬಾಬುಗಳನ್ನು "ತಿರಸ್ಕರಿಸಲಾಗಿದೆ" ಎಂದು ಬರೆಯದೆ, "ಮುಂದೂಡಲಾಗಿದೆ" ಎಂದು ಬರೆದು ಕಾರಣ, ಪರ್ಯಾಯ ವ್ಯವಸ್ಥೆ, ಹೊಣೆ ಹೊತ್ತವರು ಮತ್ತು ಮರುಪರಿಶೀಲನೆಯ ದಿನಾಂಕ – ಈ ನಾಲ್ಕನ್ನು ನಡಾವಳಿಯಲ್ಲಿ ದಾಖಲಿಸಬೇಕು. ದಿನಾಂಕವಿಲ್ಲದ ಮುಂದೂಡಿಕೆ ನಿರಾಕರಣೆಗೆ ಸಮನಾಗಿರುತ್ತದೆ.

7. ಅರ್ಜಿ ಸಲ್ಲಿಸುವ ವಿಧಾನ

ಹಂತ 1: ಬೇಡಿಕೆಯನ್ನು ಬಿಳಿ ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅರ್ಜಿಯಲ್ಲಿ ಸಮಸ್ಯೆ ಏನು, ಎಷ್ಟು ದಿನಗಳಿಂದ ಇದೆ, ಇದರಿಂದ ಯಾವ ತರಗತಿಯ ಮಕ್ಕಳಿಗೆ ತೊಂದರೆಯಾಗಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು.

ಹಂತ 2: ಎಸ್.ಡಿ.ಎಂ.ಸಿ. ಸಭೆಯಲ್ಲಿ ಅರ್ಜಿಯನ್ನು ಮಂಡಿಸಿ ನಡಾವಳಿಯಲ್ಲಿ ದಾಖಲಿಸುವಂತೆ ಕೋರಬೇಕು.

ಹಂತ 3: ಶಾಲಾ ಹಂತದಲ್ಲಿ ಪರಿಹಾರವಾಗದಿದ್ದಲ್ಲಿ ಕಾಗವಾಡದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಬಿಸಿಯೂಟದ ವಿಷಯವಾದಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರಿಗೆ, ನಂತರ ಚಿಕ್ಕೋಡಿಯ ಉಪನಿರ್ದೇಶಕರಿಗೆ ಸಲ್ಲಿಸಬೇಕು.

ಹಂತ 4: ಮಗುವಿನ ಹಕ್ಕಿನ ಉಲ್ಲಂಘನೆಯಾಗಿದ್ದಲ್ಲಿ ಕಲಂ 32ರಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಮೂರು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಸಮಿತಿಯ ಸದಸ್ಯನಲ್ಲ. ಯೋಜನೆಯ ಪ್ರತಿಯನ್ನು ಪಡೆಯಬಹುದೇ?
ಉತ್ತರ: ಪಡೆಯಬಹುದು. ಮುಖ್ಯ ಶಿಕ್ಷಕರನ್ನು ಕೋರಬಹುದು. ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕೆಲವು ದಿನ ಬಿಸಿಯೂಟ ನೀಡಿಲ್ಲ. ಮಕ್ಕಳಿಗೆ ಏನು ಪರಿಹಾರ?
ಉತ್ತರ: ಧಾನ್ಯ, ಇಂಧನ, ಅಡುಗೆ ವೆಚ್ಚದ ಕೊರತೆ ಅಥವಾ ಅಡುಗೆಯವರ ಗೈರುಹಾಜರಿಯಿಂದ ಊಟ ನೀಡದಿದ್ದಲ್ಲಿ 2015ರ ನಿಯಮಗಳಂತೆ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಿನಲ್ಲಿ ಐದು ದಿನ ಊಟ ತಪ್ಪಿದಲ್ಲಿ ಹೊಣೆಗಾರಿಕೆಯನ್ನು ನಿಗದಿಪಡಿಸಲು ಅವಕಾಶವಿದೆ.

ಪ್ರಶ್ನೆ: ಬಹುಮತದ ತೀರ್ಮಾನದಿಂದ ನನ್ನ ಮಗುವಿನ ಅಗತ್ಯ ಕೈಬಿಟ್ಟುಹೋಗಿದೆ. ಏನು ಮಾಡಬೇಕು?
ಉತ್ತರ: ಆ ಅಗತ್ಯವು ಕಾನೂನಿನ ಹಕ್ಕಾಗಿದ್ದಲ್ಲಿ ಬಹುಮತದಿಂದ ಅದನ್ನು ಕೈಬಿಡಲಾಗದು. ನಿಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೋರಿ, ಮೇಲಿನ 3 ಮತ್ತು 4ನೇ ಹಂತಗಳನ್ನು ಅನುಸರಿಸಬಹುದು.

ಪ್ರಶ್ನೆ: ಕಟಾವು ತಂಡದ ಮಕ್ಕಳು ಶಾಲೆಗೆ ಹೋಗದೆ ಇರುವುದು ಕಂಡುಬಂದಲ್ಲಿ ಯಾರಿಗೆ ತಿಳಿಸಬೇಕು?
ಉತ್ತರ: ಸಮೀಪದ ಶಾಲೆಯ ಮುಖ್ಯ ಶಿಕ್ಷಕರಿಗೆ ಅಥವಾ ಸಮೂಹ ಸಂಪನ್ಮೂಲ ವ್ಯಕ್ತಿಗಳಿಗೆ ತಿಳಿಸಬಹುದು. ಮಗು ಸಂಕಷ್ಟದಲ್ಲಿದ್ದಲ್ಲಿ ಅಥವಾ ದುಡಿಮೆಗೆ ಹಚ್ಚಲಾಗಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

9. ಸೂಚನೆ

ಅನುದಾನದ ಮೊತ್ತ ಮತ್ತು ಮಾರ್ಗಸೂಚಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮೊದಲು ಪ್ರಸಕ್ತ ಸಾಲಿನ ಆದೇಶಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಪೋಷಕರು ಎಸ್.ಡಿ.ಎಂ.ಸಿ. ಸಭೆಗಳಲ್ಲಿ ಭಾಗವಹಿಸಿ, ತಮ್ಮ ಮಗುವಿನ ಅಗತ್ಯದೊಂದಿಗೆ ಸಭೆಗೆ ಬರಲಾಗದವರ ಮಕ್ಕಳ ಅಗತ್ಯವನ್ನೂ ಪ್ರಸ್ತಾಪಿಸಿ ಸಹಕರಿಸಬೇಕೆಂದು ಕೋರಲಾಗಿದೆ.